ಓಣಿಯ ಧೂಳು, ಓಣಿಯ ಸದ್ದು: ಮನೆಯಲ್ಲೇ ಲೆಕ್ಕ ಇಡುವುದು, ತಗ್ಗಿಸುವುದು ಹೇಗೆ?

ಬಾಗಲಕೋಟೆ ಜಿಲ್ಲೆಯಲ್ಲಿ ಧೂಳಿಗೂ ಸದ್ದಿಗೂ ಒಂದೊಂದು ಊರಿನಲ್ಲಿ ಒಂದೊಂದು ಮೂಲವಿದೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಲಗುವ ಕೋಣೆಯ ಗೋಡೆಗೆ ಹೊಂದಿಕೊಂಡೇ ವಿದ್ಯುತ್ ಮಗ್ಗಗಳು ಓಡುತ್ತವೆ. ಇಳಕಲ್ಲಿನಲ್ಲಿ ಗ್ರಾನೈಟ್ ಕೊರೆಯುವ, ಕತ್ತರಿಸುವ ಕೆಲಸ. ಲೋಕಾಪುರ, ಮುದ್ದಾಪುರದ ಕಡೆ ಸುಣ್ಣದ ಕಲ್ಲು ಮತ್ತು ಸಿಮೆಂಟ್. ಮುಧೋಳ, ಜಮಖಂಡಿ, ಮಹಾಲಿಂಗಪುರದ ಭಾಗದಲ್ಲಿ ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಕಾರ್ಖಾನೆಯ ಚಿಮಣಿ, ಬೆಲ್ಲದ ಗಾಣದ ಹೊಗೆ, ಹೊಲದಲ್ಲಿ ಉರಿಯುವ ರವದಿ (ಕಬ್ಬಿನ ಒಣ ಗರಿ), ಇವುಗಳ ಜೊತೆಗೆ ರಾತ್ರಿಯಿಡೀ ಜೋರಾಗಿ ಹಾಡು ಹಚ್ಚಿಕೊಂಡು ಸಾಗುವ ಟ್ರ್ಯಾಕ್ಟರುಗಳು. ಇವೆಲ್ಲ ದುಡಿಮೆಯ ಮೂಲಗಳೂ ಆಗಿರುವುದರಿಂದ 'ಇದು ಇದ್ದದ್ದೇ' ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ದೇಹಕ್ಕಾಗುವ ಹಾನಿಯನ್ನು ತೀರ್ಮಾನಿಸುವುದು ಧೂಳು ಎಷ್ಟು ದಟ್ಟ, ಸದ್ದು ಎಷ್ಟು ಜೋರು ಎಂಬುದಷ್ಟೇ ಅಲ್ಲ. ಅವುಗಳ ನಡುವೆ ನಾವು ಕಳೆಯುವ ಹೊತ್ತು ಕೂಡ. ಮೂಲವನ್ನು ಮುಚ್ಚಿಸುವುದು ನಮ್ಮ ಕೈಯಲ್ಲಿ ಇಲ್ಲದಿದ್ದರೂ, ಹೊತ್ತನ್ನು ಮತ್ತು ಅಂತರವನ್ನು ಬದಲಿಸುವುದು ಬಹುಪಾಲು ನಮ್ಮ ಕೈಯಲ್ಲೇ ಇದೆ. ಅದಕ್ಕೆ ಮೊದಲು ಬೇಕಾದದ್ದು ಲೆಕ್ಕ.

ಅಪಾಯ ಎಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು ಮತ್ತು ಗಂಟಲು ಬಹುಮಟ್ಟಿಗೆ ತಡೆಯುತ್ತವೆ. ತಡೆಯಲಾಗದ್ದು ಪಿಎಂ 2.5 ಎಂದು ಕರೆಯಲಾಗುವ, 2.5 ಮೈಕ್ರೊಮೀಟರಿಗಿಂತ ಸಣ್ಣದಾದ ಕಣಗಳನ್ನು. ತಲೆಗೂದಲಿನ ದಪ್ಪದ ಇಪ್ಪತ್ತು-ಮೂವತ್ತರಲ್ಲಿ ಒಂದು ಪಾಲಿನಷ್ಟಿರುವ ಈ ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿದು ಅಲ್ಲಿ ಉರಿಯೂತ ಉಂಟುಮಾಡುತ್ತವೆ. ಅದರ ಪರಿಣಾಮ ರಕ್ತನಾಳಗಳಿಗೂ ತಲುಪಿ ಹೃದಯಾಘಾತ, ಪಾರ್ಶ್ವವಾಯುಗಳ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊರಗಿನ ವಾಯುಮಾಲಿನ್ಯವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದೆಂದು 2013ರಲ್ಲೇ ಘೋಷಿಸಿದೆ. ಮಕ್ಕಳು ತಮ್ಮ ತೂಕದ ಅಳತೆಗೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಸೇದುವುದರಿಂದ ಅವರ ಪಾಲಿಗೆ ಇದರ ಭಾರ ಹೆಚ್ಚು. ಗರ್ಭಿಣಿಯರಲ್ಲಿ ಕಡಿಮೆ ತೂಕದ ಮಗು ಹುಟ್ಟುವ ಸಂಭವವೂ ಇದರಿಂದ ಹೆಚ್ಚುತ್ತದೆ.

ಸದ್ದಿನ ವಿಷಯದಲ್ಲಿ ಕಿವಿಯ ಮಾತನ್ನಷ್ಟೇ ಆಡುವುದು ಅರ್ಧ ಸತ್ಯ. ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ ಎಂಬುದು ನಿಜ. ಆದರೆ ಕಿವಿಗೆ ಪೆಟ್ಟು ಬೀಳದಷ್ಟು ಸಾಧಾರಣ ಸದ್ದೂ ನಿದ್ದೆಯಲ್ಲಿರುವವರ ಮೈಯಲ್ಲಿ ಒತ್ತಡದ ಹಾರ್ಮೋನುಗಳನ್ನು ಹೊರಡಿಸುತ್ತದೆ, ನಾಡಿಯ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. 'ನಮಗೆ ರೂಢಿಯಾಗಿದೆ, ಎಚ್ಚರವೇ ಆಗುವುದಿಲ್ಲ' ಎನ್ನುವವರಲ್ಲೂ ಹೃದಯ ಪ್ರತಿ ಸಲ ಸ್ಪಂದಿಸುತ್ತಲೇ ಇರುತ್ತದೆ. ಹೀಗೆ ಧೂಳು ಮತ್ತು ಸದ್ದು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಹೃದಯದ ಮೇಲೆ ಎರಗುತ್ತವೆ. ಹೆದ್ದಾರಿಯ ಅಂಚಿನಲ್ಲಿ, ಮಗ್ಗದ ಮನೆಯಲ್ಲಿ, ಕಾರ್ಖಾನೆಯ ನೆರೆಯಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಆದ್ದರಿಂದ ಎರಡರ ಲೆಕ್ಕವನ್ನೂ ಒಂದೇ ವಹಿಯಲ್ಲಿ ಇಡಬೇಕೆಂಬುದು ಈ ಲೇಖನದ ಸಲಹೆ.

ಮೊದಲು: ಗಾಳಿಯ ಅಂಕಿ ಓದುವುದು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ವಾಯು ಗುಣಮಟ್ಟ ಸೂಚ್ಯಂಕ ಉಚಿತವಾಗಿ ಸಿಗುತ್ತದೆ. ನಮ್ಮ ಭಾಗದಲ್ಲಿ ಬಾಗಲಕೋಟೆಯ ವಿದ್ಯಾಗಿರಿ, ವಿಜಯಪುರದ ಇಬ್ರಾಹಿಂಪುರ ಮತ್ತು ಬೆಳಗಾವಿಯ ರಾಮತೀರ್ಥನಗರಗಳಲ್ಲಿ ಅಳತೆಯ ಕೇಂದ್ರಗಳಿವೆ. ಸೂಚ್ಯಂಕ 50ರ ಒಳಗಿದ್ದರೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ. ಅದನ್ನು ದಾಟಿದರೆ ಕಳಪೆ. 'ಮಧ್ಯಮ' ಎಂಬ ಹೆಸರು ಕೇಳಿ ನಿಶ್ಚಿಂತರಾಗಬಾರದು. ಆಸ್ತಮಾ ಮತ್ತು ಹೃದ್ರೋಗ ಇರುವವರಿಗೆ, ಮಕ್ಕಳಿಗೆ, ಹಿರಿಯರಿಗೆ ತೊಂದರೆ ಆರಂಭವಾಗುವುದು ಈ ಹಂತದಲ್ಲೇ. ನಮ್ಮ ದೇಶದ ಮಾನದಂಡದ ಪ್ರಕಾರ ಒಂದು ದಿನದ ಪಿಎಂ 2.5 ಸರಾಸರಿ ಘನ ಮೀಟರಿಗೆ 60 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 15.

ಈ ಅಂಕಿಯನ್ನು ಓದುವಾಗ ಎರಡು ಎಚ್ಚರಗಳು ಅಗತ್ಯ. ವಿದ್ಯಾಗಿರಿಯ ಅಂಕಿ ಹೇಳುವುದು ವಿದ್ಯಾಗಿರಿಯ ಗಾಳಿಯ ಬಗ್ಗೆ. ಹತ್ತಾರು ಕಿಲೋಮೀಟರ್ ಆಚೆ ಇರುವ ಇಳಕಲ್ಲಿನ ಕಲ್ಲುಪುಡಿಯಾಗಲಿ ಮುಧೋಳದ ಹೊಗೆಯಾಗಲಿ ಅದರಲ್ಲಿ ಕಾಣುವುದಿಲ್ಲ. ಎರಡನೆಯದಾಗಿ, ಧೂಳಿನ ಲೆಕ್ಕ 24 ಗಂಟೆಗಳ ಸರಾಸರಿಯ ಮೇಲೆ ನಿಂತಿರುವುದರಿಂದ, ಸಂಜೆ ಎರಡು ತಾಸು ಪಕ್ಕದ ಹೊಲದ ರವದಿ ಉರಿದು ಉಸಿರು ಕಟ್ಟಿದಂತಾದರೂ ದಿನದ ಅಂಕಿ ಶಾಂತವಾಗಿಯೇ ಇರಬಹುದು. ಹೀಗಾಗಿ ಅಂಕಿಯ ಜೊತೆಗೆ ನಮ್ಮ ಕಣ್ಣು, ಮೂಗುಗಳ ಸಾಕ್ಷಿಯನ್ನೂ ಬರೆದಿಡಬೇಕು: ಹೊಗೆ ಯಾವ ದಿಕ್ಕಿನಿಂದ ಬಂತು, ಎಷ್ಟು ಹೊತ್ತಿಗೆ ಬಂತು, ಯಾವಾಗ ಕರಗಿತು. ಚಳಿಗಾಲದಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿ ಮೇಲೇರದೆ ಹೊಗೆಯನ್ನು ಕೆಳಗೇ ಹಿಡಿದಿಡುವುದರಿಂದ ಸಂಜೆ ಮತ್ತು ನಸುಕಿನ ಹೊತ್ತು ಹೆಚ್ಚು ಕೆಟ್ಟದಾಗಿರುತ್ತದೆ. ಕಬ್ಬಿನ ಹಂಗಾಮು ಬೀಳುವುದೂ ಆಗಲೇ.

ನಂತರ: ಸದ್ದು ಅಳೆಯುವುದು

ಫೋನಿನಲ್ಲಿ ಡೆಸಿಬೆಲ್ ಅಳೆಯುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಳ್ಳಿ. ಫೋನನ್ನು ಎದೆಯ ಎತ್ತರದಲ್ಲಿ, ಗೋಡೆಯಿಂದ ದೂರ, ಮೈಕಿಗೆ ಬೆರಳು ಅಡ್ಡ ಬಾರದಂತೆ ಹಿಡಿದು ಹದಿನೈದು ನಿಮಿಷ ಬಿಟ್ಟು, ಕೊನೆಯಲ್ಲಿ ತೋರುವ ಸರಾಸರಿಯನ್ನು ಬರೆದುಕೊಳ್ಳಿ. ಒಂದು ಹಾರ್ನಿಗೆ ಜಿಗಿದ ಗರಿಷ್ಠ ಅಂಕಿಯನ್ನಲ್ಲ. ಹಗಲಿನಲ್ಲಿ ಒಮ್ಮೆ, ರಾತ್ರಿ ಹತ್ತರ ನಂತರ ಹಾಸಿಗೆಯ ಬಳಿ ಒಮ್ಮೆ ಅಳೆದರೆ ಸಾಕು. ಡೆಸಿಬೆಲ್ ಲೆಕ್ಕ ಸಾಮಾನ್ಯ ಕೂಡಿಕೆಯದಲ್ಲ: ಅಂಕಿ 3 ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ, 10 ಏರಿದರೆ ಹತ್ತು ಪಟ್ಟಾಗುತ್ತದೆ.

ಶಬ್ದಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ಶಾಂತ ವಲಯದಲ್ಲಿ ಹಗಲಿಗೆ 50, ರಾತ್ರಿಗೆ 40. ಫೋನಿನ ಅಳತೆ ಕೆಲವು ಡೆಸಿಬೆಲ್ ಆಚೀಚೆ ಆಗಬಹುದು. ಕಾನೂನಿನ ಕಣ್ಣಿಗೆ ಅದು ಪುರಾವೆಯೂ ಅಲ್ಲ. ಆದರೂ ಯಾವ ಹೊತ್ತು ಕೆಟ್ಟದ್ದು ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ, ನಮಗೆ ಬೇಕಾದದ್ದೂ ಅದೇ. ಫೋನು ಇಲ್ಲದವರಿಗೆ ಒಂದು ಸರಳ ಪರೀಕ್ಷೆ ಇದೆ: ತೋಳಿನಳತೆಯ ದೂರದಲ್ಲಿ ನಿಂತವರ ಜೊತೆ ದನಿ ಏರಿಸಿ ಮಾತನಾಡಬೇಕಾದರೆ ಅಲ್ಲಿ ಸುಮಾರು 85 ಡೆಸಿಬೆಲ್ ಇದೆಯೆಂದು ತಿಳಿಯಬಹುದು.

ಮಗ್ಗದ ಮನೆಯವರಿಗೆ ಈ 85 ಎಂಬ ಅಂಕಿ ಬಹಳ ಮುಖ್ಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ತಾಸು ಇರಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತ ಹೋಗಿ, 94ಕ್ಕೆ ಬಂದಾಗ ಉಳಿಯುವುದು ಒಂದೇ ತಾಸು. ಲಾಳಿ ಬಡಿಯುವ ಹಳೆಯ ಮಗ್ಗಗಳು ಹಲವು ಒಂದೇ ಕೋಣೆಯಲ್ಲಿ ಓಡುವಾಗ ಸದ್ದು ಈ ಮಟ್ಟವನ್ನು ಮೀರುವುದುಂಟು. ನೇಕಾರರು ಮಗ್ಗ ನಿಲ್ಲಿಸಲಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ, ಅದು ಅವರ ಅನ್ನ. ಆದರೆ ಫೋಮಿನ ಇಯರ್‌ಪ್ಲಗ್ ಕೆಲವೇ ರೂಪಾಯಿಗೆ ಸಿಗುತ್ತದೆ. ಅದನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅರಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅರಳೆ ತುಂಬುವುದರಿಂದ ಅಷ್ಟು ರಕ್ಷಣೆ ಸಿಗುವುದಿಲ್ಲ. ಮಗ್ಗದ ಕಾಲುಗಳ ಕೆಳಗೆ ದಪ್ಪ ರಬ್ಬರ್ ಹಾಸಿದರೆ ನೆಲ, ಗೋಡೆಗಳ ಮೂಲಕ ಪಕ್ಕದ ಮನೆಗೆ ಹೋಗುವ ಕಂಪನ ತಗ್ಗುತ್ತದೆ. ಶಿಶುವಿನ ತೊಟ್ಟಿಲನ್ನು ಮಾತ್ರ ಮಗ್ಗದ ಕೋಣೆಯಲ್ಲಿ ಕಟ್ಟಲೇಬಾರದು.

ವಹಿ ಇಡುವುದು, ಹೊತ್ತು ಬದಲಿಸುವುದು

ಒಂದು ತಿಂಗಳು ದಿನಾಂಕ, ಹೊತ್ತು, ಗಾಳಿಯ ಅಂಕಿ, ಸದ್ದಿನ ಸರಾಸರಿ, ಜೊತೆಗೆ ಮನೆಯವರ ಕೆಮ್ಮು, ನಿದ್ದೆ, ರಕ್ತದೊತ್ತಡಗಳನ್ನು ಬರೆಯಿರಿ. ತಿಂಗಳ ಕೊನೆಗೆ ಕೆಟ್ಟ ಹೊತ್ತುಗಳು ತಾವಾಗಿ ಎದ್ದು ಕಾಣುತ್ತವೆ. ರಜೆಯ ಮರುದಿನ ಮಗ್ಗಕ್ಕೆ ಮರಳಿದಾಗ ಎದೆ ಬಿಗಿಯುತ್ತಿದ್ದರೆ ಅದು ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯ ಮೊದಲ ಗುರುತು ಆಗಿರಬಹುದು. ವೈದ್ಯರಿಗೆ ಈ ವಹಿಯನ್ನೇ ತೋರಿಸಿ.

ಖರ್ಚಿಲ್ಲದ ಬದಲಾವಣೆ ಎಂದರೆ ಹೊತ್ತಿನದು. ಚಳಿಗಾಲದ ವಾಯುವಿಹಾರವನ್ನು ನಸುಕಿನಿಂದ ಬಿಸಿಲೇರಿದ ಮೇಲಕ್ಕೆ ಮುಂದೂಡಿ. ಹೊಗೆಯ ಹೊತ್ತಿನಲ್ಲಿ ಆ ದಿಕ್ಕಿನ ಕಿಟಕಿ ಮುಚ್ಚಿ, ಮಧ್ಯಾಹ್ನ ತೆರೆಯಿರಿ. ಒಣ ಕಸಬರಿಗೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಸ್ನಾನದ ನೀರಿಗೆ ಕುಳ್ಳು, ಹತ್ತಿಕಟ್ಟಿಗೆ ಉರಿಸುವುದು ನಿಂತಿಲ್ಲ. ಆ ಒಲೆಯನ್ನು ಸೂರಿನ ಹೊರಗೆ, ಮಕ್ಕಳು ಆಡುವ ಜಾಗದಿಂದ ದೂರ ಇಡುವುದರಿಂದ ಮನೆಯ ಹೆಣ್ಣುಮಕ್ಕಳ ಉಸಿರಿಗೆ ದೊಡ್ಡ ಉಪಕಾರವಾಗುತ್ತದೆ.

ಕಲ್ಲಿನ ಕೆಲಸದವರ ವಿಷಯ ಇನ್ನೂ ಗಂಭೀರ. ಗ್ರಾನೈಟಿನ ಸಿಲಿಕಾ ಪುಡಿಯಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. ಕೊರೆಯುವಾಗ, ಕತ್ತರಿಸುವಾಗ ನೀರು ಹರಿಸುವುದೇ ಮೊದಲ ರಕ್ಷಣೆ. ಮುಖಕ್ಕೆ ಸುತ್ತಿದ ಟವೆಲ್ ಸಣ್ಣ ಕಣಗಳನ್ನು ತಡೆಯುವುದಿಲ್ಲ; ಎನ್‌95 ಮಾಸ್ಕ್ ಮೂಗು, ಗಲ್ಲಗಳಿಗೆ ಬಿಗಿಯಾಗಿ ಕೂತರೆ ಮಾತ್ರ ಕೆಲಸ ಮಾಡುತ್ತದೆ. ರೈತರು ರವದಿಯನ್ನು ಸುಡುವ ಬದಲು ಸಾಲುಗಳ ನಡುವೆ ಹೊದಿಸಿದರೆ ನೆಲದ ತೇವವೂ ಉಳಿಯುತ್ತದೆ, ಊರಿನ ಗಾಳಿಯೂ ಉಳಿಯುತ್ತದೆ.

ದೂರು ಕೊಡುವುದು

ನೆರೆಹೊರೆಯವರೊಂದಿಗೆ ಮೊದಲು ಮಾತು, ಆಮೇಲೆ ಕಾಗದ. ಅನುಮತಿಯಿಲ್ಲದ ಧ್ವನಿವರ್ಧಕ ರಾತ್ರಿ ಹತ್ತರ ನಂತರ ಕೂಗುತ್ತಿದ್ದರೆ 112ಕ್ಕೆ ಕರೆ ಮಾಡಬಹುದು. ನಿರಂತರ ಸದ್ದು ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದ್ದರೆ ಜಿಲ್ಲಾಧಿಕಾರಿಗೆ ಇಲ್ಲವೇ ಡಿವೈಎಸ್ಪಿ ದರ್ಜೆಯ ಪೊಲೀಸ್ ಅಧಿಕಾರಿಗೆ ಲಿಖಿತ ದೂರು ಕೊಡಲು ನಿಯಮದಲ್ಲೇ ಅವಕಾಶವಿದೆ. ಕಾರ್ಖಾನೆ, ಕ್ವಾರಿಗಳ ಧೂಳಿನ ದೂರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಬೇಕು. 'ವಿಪರೀತ ತೊಂದರೆಯಾಗುತ್ತಿದೆ' ಎಂಬ ಒಕ್ಕಣೆಗಿಂತ ಜಾಗ, ದಿನಾಂಕ, ಆರಂಭವಾದ ಮತ್ತು ಮುಗಿದ ಹೊತ್ತು ಬರೆದು, ವಹಿಯ ನಕಲನ್ನು ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಿ. ಅಧಿಕಾರಿಗಳು ಯಂತ್ರ ತಂದು ಅಳೆಯುವುದಾದರೆ ವಹಿಯಲ್ಲಿ ಗುರುತಾದ ಹೊತ್ತಿಗೇ ಬರಬೇಕೆಂದು ದೂರಿನಲ್ಲಿ ಸ್ಪಷ್ಟವಾಗಿ ಕೇಳಿ. ಬೆಳಗಿನ ಹನ್ನೊಂದಕ್ಕೆ ಬಂದು ಅಳೆದರೆ ರಾತ್ರಿಯ ಹೊಗೆಯೂ ಸದ್ದೂ ಅವರ ವರದಿಯಲ್ಲಿ ದಾಖಲಾಗುವುದಿಲ್ಲ.