ದೇಶಕ್ಕೆ ಪಿ-ಎಚ್, ಜನಕ್ಕೆ ಎಫ್: ದುಬೈಗೆ ಹೊಸದಾಗಿ ಬಂದೋರಿಗೆ

ವೀಸಾ, ಎಮಿರೇಟ್ಸ್ ಐಡಿ, ಸ್ಕೂಲ್ ಅಡ್ಮಿಷನ್ನು ಎಲ್ಲಾ ಆದ್ಮೇಲೆ ಇದೊಂದು ಚಿಕ್ಕ ವಿಷ್ಯ, ಆದ್ರೆ ದಿನಾ ಬೇಕಾಗತ್ತೆ. ಕ್ಲಿನಿಕ್ಕಲ್ಲಿ ನರ್ಸು, ಮಗು ಟೀಚರು, ಆಫೀಸ್ ರಿಸೆಪ್ಷನ್ನು, ಪಕ್ಕದ ಫ್ಲಾಟು, ಎಲ್ಲಿ ನೋಡಿದ್ರೂ ಫಿಲಿಪಿನೋ ಜನ ಇರ್ತಾರೆ, ಅವ್ರ ಬಗ್ಗೆ ಇಂಗ್ಲಿಷಲ್ಲಿ ಒಂದು ಸಾಲು ಬರೀಬೇಕು ಅಂದ್ರೆ ನಮ್ಮೋರು ಎಡವೋದು ಮಾತ್ರ ಗ್ಯಾರಂಟಿ. ನಮ್ಮೋರು ಮಾತ್ರ ಅಲ್ಲ ಬಿಡಿ, ಕರಾಮಾ, ಸತ್ವಾ ಕಡೆ ಕಂಬಕ್ಕೆ ಅಂಟಿಸಿರೋ ಬೆಡ್ ಸ್ಪೇಸ್ (ರೂಮಲ್ಲಿ ಒಂದು ಹಾಸಿಗೆ ಜಾಗ ಬಾಡಿಗೆಗೆ) ಚೀಟಿ ನೋಡಿ, ನಾಲ್ಕು ಚೀಟೀಲಿ ನಾಲ್ಕು ಥರ ಸ್ಪೆಲಿಂಗು.

ದೇಶದ ಹೆಸ್ರು ಫಿಲಿಪೀನ್ಸ್, ಸ್ಪೆಲಿಂಗು ಪಿ-ಎಚ್-ಐ-ಎಲ್-ಐ-ಪಿ-ಪಿ-ಐ-ಎನ್-ಇ-ಎಸ್. ಎಲ್ ಒಂದೇ, ಮಧ್ಯದಲ್ಲಿ ಪಿ ಎರಡು. ಜನ ಫಿಲಿಪಿನೋ, ಎಫ್-ಐ-ಎಲ್-ಐ-ಪಿ-ಐ-ಎನ್-ಒ. ಇಲ್ಲಿ ಎಲ್ ಕೂಡ ಒಂದೇ, ಪಿ ಕೂಡ ಒಂದೇ. ನಾನು ನೆನಪಿಟ್ಕೊಂಡಿದ್ದು ಹೀಗೆ: 7,641 ದ್ವೀಪ ಇರೋ ದೇಶ, ಅದಕ್ಕೆ ಪಿ ಜಾಸ್ತಿ, ಮನುಷ್ಯ ಒಬ್ನೇ, ಒಂದು ಪಿ ಸಾಕು.

ಒಂದೇ ಊರಿನ ಹೆಸ್ರಿಗೆ ಎರಡು ಅಕ್ಷರ ಯಾಕೆ ಅಂದ್ರೆ, 1540ರ ದಶಕದಲ್ಲಿ ಸ್ಪೇನ್‌ನೋರು ಅವ್ರ ಫೆಲಿಪೆ ಹೆಸರಲ್ಲಿ, ಅಂದ್ರೆ ಮುಂದೆ ಎರಡನೇ ಫಿಲಿಪ್ ರಾಜ ಆದವ್ನ ಹೆಸರಲ್ಲಿ, ಆ ದ್ವೀಪಗಳ್ನ ಕರೆದ್ರು. ಸ್ಪ್ಯಾನಿಷಲ್ಲಿ ಅವ್ನು ಎಫ್, ಇಂಗ್ಲಿಷಲ್ಲಿ ಅದೇ ರಾಜ ಪಿ-ಎಚ್. ದೇಶದ ಹೆಸ್ರು ಇಂಗ್ಲಿಷ್ ರೂಪಕ್ಕೆ ಬಂತು, ಜನದ ಹೆಸ್ರು ಸ್ಪ್ಯಾನಿಷ್ಷಲ್ಲೇ ಉಳ್ಕೊಂತು, ಅಷ್ಟೇ ಗೊಂದಲ. ಉಚ್ಚಾರ ‘ಫಿಲಿಪೀನ್ಸ್’, ನಾವು ಹೇಳೋ ‘ಪೈನ್ಸ್’ ಅಲ್ಲ. ಮುಂದೆ ‘ದ’ ಸೇರಿಸ್ಬೇಕು, ಬಾಲದಲ್ಲಿ ಎಸ್ ಇದ್ರೂ ಒಂದೇ ದೇಶ, ಆಮೇಲೆ ಬರೋದು ‘ಈಸ್’, ‘ಆರ್’ ಅಲ್ಲ.

ಹೆಂಗಸ್ರಿಗೆ ‘ಫಿಲಿಪಿನಾ’ ಅಂತಾರೆ, ‘ಫಿಲಿಪಿನೋ’ ಅಂದ್ರೂ ತಪ್ಪಲ್ಲ. ಎಂಬೆಸಿ, ಏರ್‌ಲೈನ್ಸ್, ಪೆಸೋ ಇವಕ್ಕೆ ‘ಫಿಲಿಪೀನ್’, ಪಿ-ಎಚ್ ಇದ್ದು ಎಸ್ ಇಲ್ದೆ. ಊಟ, ಭಾಷೆ, ಫ್ರೆಂಡು ಇದ್ರೆ ಎಫ್. ‘ಪಿನೋಯ್’ ಅನ್ನೋದು ಅವ್ರವ್ರೇ ಸಲಿಗೇಲಿ ಅಂದ್ಕೊಳ್ಳೋ ಮಾತು, ಆಫೀಸ್ ಇ-ಮೇಲಲ್ಲಿ ನಾವು ಹಾಕೋದು ಬೇಡ.

ನಂದೇ ಒಂದು ಮಾನ ಹೋದ ಕತೆ ಹೇಳ್ತೀನಿ. ಬಂದ ಮೊದಲ ವರ್ಷ ನಮ್ಮ ಟೀಮಿನವ್ರೊಬ್ರು ಊರಿಗೆ ವಾಪಸ್ ಹೊರಟ್ರು, ಕೇಕ್ ಆರ್ಡರ್ ಮಾಡೋ ಜವಾಬ್ದಾರಿ ನಂಗೆ ಬಂತು, ‘ನಮ್ಮ ಅಚ್ಚುಮೆಚ್ಚಿನ ಫಿಲಿಪಿನೋಗೆ’ ಅಂತ ಇಂಗ್ಲಿಷಲ್ಲಿ ಬರೆಸೋಣ ಅಂತ ಫೋನಲ್ಲಿ ಒಂದೊಂದೇ ಅಕ್ಷರ ಧೈರ್ಯವಾಗಿ ಹೇಳ್ದೆ, ಪಿ-ಎಚ್ ಹಾಕಿ, ಎಲ್ ಎರಡು ಹಾಕಿ. ಡಬ್ಬ ತೆಗೆದಾಗ ಆಯಮ್ಮ ಓದಿ ನಕ್ಕು, ಚಾಕು ತಗೊಂಡು ಒಂದು ಎಲ್ ಕ್ರೀಮ್ ಸಮೇತ ಕೆರೆದು ಬಾಯಿಗೆ ಹಾಕ್ಕೊಂಡ್ರು, ‘ಇನ್ನೊಂದು ತಪ್ಪು ನೀವು ತಿನ್ನಿ’ ಅಂದ್ರು. ಪಿ-ಎಚ್ ಇದ್ದ ತುಂಡು ನಂಗೆ.

ಸ್ಪೆಲಿಂಗ್‌ಗಿಂತ ಬೇಜಾರಿನ ತಪ್ಪು ಇನ್ನೊಂದಿದೆ, ಮನೆಕೆಲ್ಸಕ್ಕೆ ಜನ ಬೇಕು ಅಂತ ಹೇಳೋಕೆ ‘ಒಬ್ಳು ಫಿಲಿಪಿನಾ ಬೇಕು’ ಅಂತ ಗ್ರೂಪಲ್ಲಿ ಹಾಕೋದು. ಅದು ಒಂದು ದೇಶದ ಜನದ ಹೆಸ್ರು, ಕೆಲಸದ ಹೆಸ್ರಲ್ಲ, ‘ಒಬ್ಬ ಇಂಡಿಯನ್ ಬೇಕು’ ಅಂತ ಲೇಬರ್‌ಗೆ ಯಾರಾದ್ರೂ ಹಾಕಿದ್ರೆ ನಮ್ಗೆ ಹೆಂಗಾಗತ್ತೆ? ಕೆಲಸ ಏನು ಅಂತ ಬರೀರಿ. ಅವ್ರಲ್ಲೂ ನಮ್ ಥರಾನೇ ಅಣ್ಣಂಗೆ ‘ಕುಯಾ’, ಅಕ್ಕಂಗೆ ‘ಆತೆ’ ಅಂತ ಕರೆಯೋ ರೂಢಿ ಇದೆ, ಮಕ್ಳಿಗೆ ಹೇಳ್ಕೊಡಿ, ಬಲು ಬೇಗ ಕಲೀತಾವೆ.

ಆನ್‌ಲೈನ್ ಫಾರ್ಮಲ್ಲಿ ಅವ್ರ ಡೀಟೇಲ್ಸ್ ತುಂಬೋದಿದ್ರೆ ಪಾಸ್‌ಪೋರ್ಟ್ ಮುಂದಿಟ್ಕೊಳ್ಳಿ, ಅದ್ರಲ್ಲಿ ನ್ಯಾಷನಾಲಿಟಿ ಎಫ್ ಇಂದ ಇರತ್ತೆ. ಫಾರ್ಮಿನ ಲಿಸ್ಟಲ್ಲಿ ದೇಶದ ಹೆಸ್ರೇ ಕೊಟ್ಟಿದ್ರೆ ಎಫ್ ಹತ್ರ ಹುಡುಕಿ ಸಿಗ್ಲಿಲ್ಲ ಅಂತ ಗಾಬರಿ ಆಗ್ಬೇಡಿ, ಕೆಳಗೆ ಪಿ ಹತ್ರ, ಪೆರು ಆದ್ಮೇಲೆ, ಪೋಲೆಂಡ್‌ಗಿಂತ ಮುಂಚೆ ನೋಡಿ.