ರೇಡರ್ ತಿರುಗೋದು ತಡ ಯಾಕೆ? ಯೂನಿಟಿಯಲ್ಲಿ ಕಬಡ್ಡಿ ಗೇಮಿನ ಆ್ಯನಿಮೇಶನ್

ಬೆಳಗಾವಿ ಕಡೆ ಮಣ್ಣಿನ ಅಂಗಳದಲ್ಲಿ ಕಬಡ್ಡಿ ನೋಡಿ ಬೆಳೆದವರ ಕೈಗೆ ಕಬಡ್ಡಿ ಗೇಮ್ ಕೊಟ್ಟು ನೋಡಿ. ಗ್ರಾಫಿಕ್ಸ್ ಬಗ್ಗೆ ಯಾರೂ ಮಾತಾಡೋದಿಲ್ಲ. "ಇಂವ ತಿರುಗಾಕ ಇಷ್ಟ್ಯಾಕ ಹೊತ್ತ ತಗೋತಾನ್ರಿ?" ಅನ್ನೋದೇ ಮೊದಲ ಮಾತು.

ಗೇಮ್ ಕಟ್ಟುವ ಸಾಫ್ಟ್‌ವೇರ್ ಯೂನಿಟಿಯಲ್ಲಿ ಇದನ್ನು ಸರಿಪಡಿಸಲು, ಎಷ್ಟು ಹೊತ್ತು ಅನ್ನೋದನ್ನ ಮೊದಲು ಅಳೆಯಬೇಕು. ಆಟ ನಡೆಯುವ ಫೋನನ್ನು ಇನ್ನೊಂದು ಫೋನಿನಿಂದ ಸೆಕೆಂಡಿಗೆ 240 ಫ್ರೇಮ್ ಸ್ಲೋಮೋಶನ್‌ನಲ್ಲಿ ಚಿತ್ರೀಕರಿಸಿ, ಹೆಬ್ಬೆರಳು ತಾಕಿದಲ್ಲಿಂದ ರೇಡರನ ಸೊಂಟ ಅಲುಗುವವರೆಗೆ ಫ್ರೇಮ್ ಎಣಿಸುತ್ತೇನೆ. ಒಂದು ಫ್ರೇಮಿಗೆ ಸುಮಾರು 4 ಮಿಲಿಸೆಕೆಂಡ್. ನನಗೆ ಒಮ್ಮೆ 25 ಫ್ರೇಮ್ ಬಂತು, ಇನ್ನೊಮ್ಮೆ 130. ಲೆಕ್ಕ ಹೀಗೆ ಏರಿಳಿದರೆ ಫೋನನ್ನು ಬೈಯಬೇಡಿ. ಟ್ರಾನ್ಸಿಶನ್‌ನಲ್ಲಿ (ಒಂದು ಆ್ಯನಿಮೇಶನ್‌ನಿಂದ ಇನ್ನೊಂದಕ್ಕೆ ದಾಟುವ ಕೊಂಡಿ) 'ಹ್ಯಾಸ್ ಎಕ್ಸಿಟ್ ಟೈಮ್' ಟಿಕ್ ಆಗಿಯೇ ಉಳಿದಿರುತ್ತದೆ. ಓಟದ ಕ್ಲಿಪ್ ಅಲ್ಲಿ ಗೊತ್ತುಮಾಡಿದ ಹಂತ ಮುಟ್ಟುವವರೆಗೆ ಯೂನಿಟಿ ಕಾಯುತ್ತದೆ.

ಟಿಕ್ ತೆಗೆದು ಟ್ರಾನ್ಸಿಶನ್ ಅವಧಿಯನ್ನು 0.25 ಸೆಕೆಂಡಿನಿಂದ 0.08ಕ್ಕೆ ಇಳಿಸಿದೆ. ಸೊನ್ನೆ ಮಾಡಿದರೆ ಮೊಣಕಾಲು ಟಕ್ಕನೆ ಜಿಗಿದಂತೆ ಕಾಣುತ್ತದೆ. 'ಇಂಟರಪ್ಶನ್ ಸೋರ್ಸ್' ಅನ್ನು 'ನೆಕ್ಸ್ಟ್ ಸ್ಟೇಟ್'ಗೆ ಇಟ್ಟರೆ, ಎಡಕ್ಕೆ ಹೊರಳುವಾಗಲೇ ಬಲಕ್ಕೆ ಒತ್ತಿದರೂ ಅವನು ಒಪ್ಪುತ್ತಾನೆ. ರೂಟ್ ಮೋಶನ್ (ಆ್ಯನಿಮೇಶನ್ನೇ ದೇಹವನ್ನು ಸರಿಸುವ ವ್ಯವಸ್ಥೆ) ಬಂದ್. ದೇಹವನ್ನು ಸರಿಸೋದು ಕೋಡ್, ಆ್ಯನಿಮೇಶನ್ ಹಿಂದೆ ಬರಬೇಕು. ಕಾಲು ಹಿಡಿದು ಕೆಡವುವ ಹಿಡಿತದಲ್ಲಿ ಮಾತ್ರ ರೂಟ್ ಮೋಶನ್ ಚಾಲೂ, ಯಾಕಂದ್ರೆ ಅಲ್ಲಿ ಎರಡು ಮೈ ಒಂದಕ್ಕೊಂದು ಕೂಡಬೇಕು, ಆಡುವವನ ಬೆರಳಿಗೆ ಹೇಗೂ ಕೆಲಸವಿಲ್ಲ.

ಈಗ ಕೋಡ್ ಸರಿಸುವ ವೇಗಕ್ಕೆ ಹೆಜ್ಜೆ ಹೊಂದದೆ ಪಾದ ಜಾರತೊಡಗುತ್ತದೆ. ಇದಕ್ಕೆ ಬರೀ ಲೆಕ್ಕ ಸಾಕು. ನನ್ನ ಓಟದ ಕ್ಲಿಪ್ 0.7 ಸೆಕೆಂಡಿನದು, ಎರಡು ಹೆಜ್ಜೆಗೆ 2.8 ಮೀಟರ್, ಅಂದರೆ ಸೆಕೆಂಡಿಗೆ 4 ಮೀಟರ್. ನಡಿಗೆ 1.4. ನಡಿಗೆ-ಓಟ ಬೆರೆಸುವ ಬ್ಲೆಂಡ್ ಟ್ರೀಯ ಥ್ರೆಶೋಲ್ಡ್‌ನಲ್ಲಿ (ಯಾವ ವೇಗಕ್ಕೆ ಯಾವ ಕ್ಲಿಪ್ ಅನ್ನೋ ಸಂಖ್ಯೆ) 0.5, 1 ಅಂತ ಬರೆಯದೆ ಇವೇ ಸಂಖ್ಯೆಗಳನ್ನು ಬರೆಯಿರಿ. ಎರಡೂ ಕ್ಲಿಪ್ ಎಡ ಹಿಮ್ಮಡಿ ನೆಲಕ್ಕೆ ತಾಕುವಲ್ಲಿಂದಲೇ ಶುರುವಾಗಬೇಕು. ಇಲ್ಲದಿದ್ದರೆ ನಡಿಗೆ ಓಟವಾಗುವ ಗಳಿಗೆಯಲ್ಲಿ ಕಾಲು ಕಾಲಿಗೆ ತೊಡರುತ್ತದೆ. ಕ್ಲಿಪ್ ವೇಗ 1.15 ಪಟ್ಟು ದಾಟಿದರೆ ಕೀಲಿ ಕೊಟ್ಟ ಗೊಂಬೆ ಓಡಿದಂತೆ ಕಾಣುತ್ತದೆ. ಆಗ ಇನ್ನೊಂದು ಕ್ಲಿಪ್ ಮಾಡಿಸೋದೇ ಸರಿ. ಫುಟ್ ಐಕೆ (ಪಾದವನ್ನು ನೆಲಕ್ಕೆ ಹೊಂದಿಸುವ ಲೆಕ್ಕ) ಬೇಡ, ಮ್ಯಾಟ್ ಸಪಾಟಾಗಿದೆ.

ಒತ್ತಿದ ಬಟನ್ ಒಮ್ಮೊಮ್ಮೆ ಕಳೆದುಹೋಗುತ್ತಿದ್ದರೆ, ಬಹುಶಃ ಅದನ್ನು ಓದುತ್ತಿರೋದು ಫಿಕ್ಸ್‌ಡ್‌ಅಪ್‌ಡೇಟ್‌ನಲ್ಲಿ (ನಿಗದಿತ ಗತಿಯಲ್ಲಿ ಓಡುವ ಕೋಡ್), ಪ್ರತಿ ಫ್ರೇಮಿಗೂ ಓಡುವ ಅಪ್‌ಡೇಟ್‌ಗೆ ಸಾಗಿಸಿ.

ಬೋನಸ್ ಗೆರೆಯದು ಬೇರೆಯೇ ತಕರಾರು. ಅದು ಬಾಕ್ ಗೆರೆಯಿಂದ (ರೇಡರ್ ದಾಟಲೇಬೇಕಾದ ಗೆರೆ) 1 ಮೀಟರ್ ಆಚೆ ಇರುತ್ತದೆ; ಬೋನಸ್ ಪಾಯಿಂಟಿಗೆ ಒಂದು ಪಾದ ಆಚೆ ಊರಿ, ಇನ್ನೊಂದು ಗಾಳಿಯಲ್ಲಿರಬೇಕು. ಅಪ್‌ಡೇಟ್‌ನಲ್ಲಿ ಪಾದದ ಮೂಳೆಯ ಜಾಗ ಕೇಳಿದರೆ ಹಿಂದಿನ ಫ್ರೇಮಿನ ಭಂಗಿ ಸಿಗುತ್ತದೆ, ಯಾಕಂದ್ರೆ ಆ್ಯನಿಮೇಶನ್ ಲೆಕ್ಕವಾಗೋದು ಅದರ ನಂತರ. ಸೆಕೆಂಡಿಗೆ 60 ಫ್ರೇಮಿನಲ್ಲಿ ಓಡುವ ಮೈಯೇ ಫ್ರೇಮಿಗೆ 6-7 ಸೆಂಟಿಮೀಟರ್ ಸರಿಯುತ್ತದೆ, ಬೀಸುವ ಪಾದ ಇನ್ನೂ ಹೆಚ್ಚು. ಕಣ್ಣಿಗೆ ಗೆರೆ ದಾಟಿದ್ದು ಕಂಡರೂ ಪಾಯಿಂಟ್ ಬರೋದಿಲ್ಲ. ಈ ತಪಾಸಣೆಯನ್ನು ಆ್ಯನಿಮೇಶನ್ ಆದ ಮೇಲೆ ಓಡುವ ಲೇಟ್‌ಅಪ್‌ಡೇಟ್‌ನಲ್ಲಿ ಇಟ್ಟ ಮೇಲೆ ಜಗಳ ನಿಂತಿತು.