ರಾಗಿ ಡಬ್ಬದ ಹಿಂದಿನ ಮಾತ್ರೆಗಳು

ಆಶಾ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬಸುರಿಯರ ಮನೆಗೆ ಹೋಗಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಿದ್ದೆ. ಮುಂದಿನ ಸಲ ಹೋದಾಗ ‘ದಿನಾ ತಗೋತಿದೀಯೇನಮ್ಮಾ?’ ಅಂತ ಕೇಳುತ್ತಿದ್ದೆ. ‘ಹ್ಞೂ ಅಕ್ಕ’ ಅನ್ನುತ್ತಿದ್ದರು. ಡೈರಿಯಲ್ಲಿ ಬರೆದುಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದೆ.

ಹಾಗೆ ‘ಹ್ಞೂ’ ಅಂದ ಒಬ್ಬ ಹುಡುಗಿಯನ್ನು ಆರನೇ ತಿಂಗಳಲ್ಲಿ, ಪ್ರತಿ ತಿಂಗಳು 9ನೇ ತಾರೀಖು ನಡೆಯುವ ಬಸುರಿಯರ ತಪಾಸಣೆಗೆ ಪಿಎಚ್‌ಸಿಗೆ ಕರೆದುಕೊಂಡು ಹೋದೆ. ಹಿಮೋಗ್ಲೋಬಿನ್ 7.4. ಕಮ್ಮಿ ಅಂದರೂ 11 ಇರಬೇಕು. ಮನೆಗೆ ಬಂದು ಮತ್ತೆ ಕೇಳಿದೆ. ಮಾತಾಡಲಿಲ್ಲ. ಎದ್ದು ಹೋಗಿ ರಾಗಿ ಹಿಟ್ಟಿನ ಡಬ್ಬದ ಹಿಂದಿನಿಂದ ಒಂದು ಕವರ್ ತಂದು ಮುಂದಿಟ್ಟಳು. ಆರು ಶೀಟ್. ಐದು ಹಾಗೇ ಇದ್ದವು. ಆರನೆಯದರಲ್ಲಿ ನಾಲ್ಕು ಮಾತ್ರೆ ಖಾಲಿ.

‘ವಾಂತಿ ಬರುತ್ತೆ ಅಕ್ಕ. ಎರಡಕ್ಕೆ ಹೋದ್ರೆ ಕರ್ರಗೆ ಹೋಗುತ್ತೆ. ಮಗೂನೂ ಕರ್ರಗಾಗುತ್ತೆ ಅಂತ ಅತ್ತೆ ಬೈತಾರೆ.’

ಕರ್ರಗೆ ಹೋಗುವುದು ಮಾಮೂಲಿ ಅಂತ ಮೊದಲೇ ಹೇಳಬೇಕಾಗಿದ್ದವಳು ನಾನು. ಹೇಳಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕಬ್ಬಿಣಾಂಶದ (ಐರನ್ ಸುಕ್ರೋಸ್) ಡ್ರಿಪ್ ಹಾಕಿಸಿದೆವು. ಹೆರಿಗೆ ಸುಸೂತ್ರವಾಯಿತು.

ಅವತ್ತಿನಿಂದ ‘ತಗೊಂಡ್ಯಾ’ ಅಂತ ಕೇಳುವುದನ್ನೇ ಬಿಟ್ಟೆ. ‘ಎರಡಕ್ಕೆ ಯಾವ ಬಣ್ಣ ಹೋಗ್ತಿದೆ?’ ಅಂತೀನಿ. ಮೊದಲ ಸಲ ಎಲ್ಲರೂ ಸೆರಗು ಅಡ್ಡ ಹಿಡಿದು ನಗುತ್ತಾರೆ. ಕಪ್ಪು ಅಂದರೆ ಮಾತ್ರೆ ಹೊಟ್ಟೆಗೆ ಹೋಗ್ತಿದೆ. ಹಳದಿ ಅಂದರೆ ಡಬ್ಬದ ಹಿಂದೆ ನೋಡಬೇಕು! ವಾಂತಿ ಬರುವವರಿಗೆ ರಾತ್ರಿ ಊಟ ಮಾಡಿ ಮಲಗುವಾಗ ನುಂಗಲು ಹೇಳುತ್ತೇನೆ. ನಿಂಬೆಹಣ್ಣಿನ ನೀರು ಕುಡಿದರೆ ಇನ್ನೂ ಒಳ್ಳೆಯದು, ಕಬ್ಬಿಣ ಮೈಗೆ ಹತ್ತುತ್ತದೆ. ಟೀ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಗಂತೂ ಬೇಡವೇ ಬೇಡ. ಎರಡನ್ನೂ ಒಟ್ಟಿಗೆ ನುಂಗಿ ಮುಗಿಸಿಬಿಡುವವರೇ ಜಾಸ್ತಿ.

ಅತ್ತೆಯಂದಿರ ಜೊತೆ ಜಗಳ ಆಡಿ ಪ್ರಯೋಜನವಿಲ್ಲ. ‘ಮಗ, ಸೊಸೆ ಬಣ್ಣ ನೋಡಿ ಅಮ್ಮ, ಮಗು ಇದಕ್ಕಿಂತ ಇನ್ನೇನು ಕರ್ರಗಾದೀತು?’ ಅಂತ ನಗಿಸಿ, ಶೀಟನ್ನು ಅವರ ಕೈಗೇ ಕೊಟ್ಟು ಬರುತ್ತೇನೆ. ಯಜಮಾನಿಕೆ ಸಿಕ್ಕ ಮೇಲೆ ಅವರೇ ಸೊಸೆ ಬೆನ್ನು ಬೀಳುತ್ತಾರೆ.

ಕಷ್ಟ ಶುರುವಾಗುವುದು ಸೀಮಂತ ಆಗಿ ತವರಿಗೆ ಹೋದ ಮೇಲೆ. ಊರು ಬದಲು, ಆಶಾನೂ ಬದಲು. ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡ್ ಬ್ಯಾಗಿನ ತಳದಲ್ಲಿ ಉಳಿಯುತ್ತದೆ. ಅದಕ್ಕೇ ಆ ಊರಿನ ಆಶಾಗೆ ಫೋನ್ ಮಾಡಿ, ಎಷ್ಟು ಮಾತ್ರೆ ನುಂಗಿದ್ದಾಳೆ, ಎಷ್ಟು ಬಾಕಿ ಅಂತ ಒಪ್ಪಿಸುತ್ತೇನೆ. ಬಸುರಿನಲ್ಲಿ 180 ದಿನ, ಹೆರಿಗೆ ಆದ ಮೇಲೂ 180 ದಿನ. ಬಾಣಂತಿಗೆ ಮಾತ್ರೆ ಉಷ್ಣ ಅಂತ ಅಜ್ಜಿಯರು ನಿಲ್ಲಿಸಿಬಿಡುತ್ತಾರೆ. ನಮಗಿರುವುದು ಗೌರವಧನ, ಇಂತಿಂಥ ಕೆಲಸಕ್ಕೆ ಇಷ್ಟು ಅಂತ ಪ್ರೋತ್ಸಾಹಧನ. ಈ ಫೋನಿಗೆ ಅದರಲ್ಲಿ ಕಾಲಮ್ಮಿಲ್ಲ. ನನ್ನ ಕರೆನ್ಸಿ, ನನ್ನ ಹೊತ್ತು.

ಆ ಹುಡುಗಿ ಈಗ ಎರಡನೇ ಬಸುರಿ. ಮೊನ್ನೆ ನನ್ನ ಆಶಾ ಸಮವಸ್ತ್ರದ ಗುಲಾಬಿ ಸೀರೆ ದೂರದಿಂದ ಕಂಡದ್ದೇ ತಡ, ಅವಳ ಅತ್ತೆ ಜಗಲಿಯಿಂದಲೇ ಕೂಗಿದರು: ‘ಕರ್ರಗೇ ಹೋಗ್ತೈತೆ ಕಣವ್ವಾ, ಬಾ ಕೂತ್ಕೊ!’